ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ

‘ಈಗಿನ ಮಕ್ಕಳಿಗೆ ಹಂಚಿಕೊಂಡು ತಿನ್ನುವ ಬುದ್ಧಿಯೇ ಇಲ್ಲ’ — ಮುಂಬಯಿಯ ಯಾವ ಕನ್ನಡ ಸಂಘದ ಸಭೆಗೆ ಹೋದರೂ ಚಹಾದ ಲೋಟ ಕೈಗೆ ಬಂದ ಐದು ನಿಮಿಷಗಳೊಳಗೆ ಕಿವಿಗೆ ಬೀಳುವ ಮಾತು ಇದು. ಈ ರೋಗಕ್ಕೆ ನಾವು ಮದ್ದನ್ನೂ ಕಂಡುಹಿಡಿದಿದ್ದೇವೆ. ವಾರ್ಷಿಕೋತ್ಸವದ ದಿನ ಮಕ್ಕಳಿಗೆ ಭಾಷಣ ಸ್ಪರ್ಧೆ. ವಿಷಯ ‘ದಾನದ ಮಹಿಮೆ’. ತಾಯಿ ಹೇಳಿಕೊಟ್ಟ ಎರಡು ಪುಟಗಳನ್ನು ಕನ್ನಡ ಲಿಪಿ ಬಾರದ ಮಗು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತದೆ. ಕರ್ಣ, ಬಲಿ, ಶಿಬಿ — ಮೂವರೂ ಮೂರು ನಿಮಿಷದಲ್ಲಿ ಬಂದು ಹೋಗುತ್ತಾರೆ. ಕೊನೆಗೆ ಸರ್ವಜ್ಞನ ಒಂದು ತ್ರಿಪದಿ. ಚಪ್ಪಾಳೆ, ಬಹುಮಾನ. ಬಹುಮಾನ ಒಬ್ಬರಿಗೇ, ಅದನ್ನು ಹಂಚಿಕೊಳ್ಳುವ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಈ ಲೇಖನದಲ್ಲಿ ಮಕ್ಕಳನ್ನು ದೂರುವ ಉದ್ದೇಶ ನನಗಿಲ್ಲ. ದೂರಬೇಕಾದವರು ಬೇರೆ ಇದ್ದಾರೆ, ಅವರು ಸಭಾಂಗಣದ ಮುಂದಿನ ಸಾಲುಗಳಲ್ಲಿ ಕುಳಿತಿರುತ್ತಾರೆ. ಕೊಡುವ ಗುಣವನ್ನು ಮಕ್ಕಳು ಕಿವಿಯಿಂದ ಕಲಿಯುವುದಿಲ್ಲ, ಕಣ್ಣಿನಿಂದ ಕಲಿಯುತ್ತಾರೆ. ನಮ್ಮ ಮಕ್ಕಳ ಕೈ ಬಿಗಿಯಾಗಿದ್ದರೆ ಅದು ಅವರು ಪಾಠ ಕಲಿಯದ್ದರ ಗುರುತಲ್ಲ. ನಾವು ಕಲಿಸಿದ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದಾರೆಂಬುದರ ಗುರುತು.

ಯಾವ ಪಾಠ ಎಂದು ಕೇಳುವಿರಾ? ನಮ್ಮ ಮನೆಗಳ ಎರಡು ಕೋಣೆಗಳೊಳಗೆ ಒಂದು ದಿನ ನಡೆಯುವುದನ್ನು ಮಗುವಿನ ಎತ್ತರದಲ್ಲಿ ನಿಂತು ನೋಡೋಣ. ಬೆಳಿಗ್ಗೆ ಕೆಲಸದ ಬಾಯಿ ಬರುತ್ತಾಳೆ. ಅವಳಿಗೆ ಚಹಾ ಕೊಡುತ್ತೇವೆ. ಆದರೆ ಲೋಟ ಬೇರೆ, ಅದರ ಸ್ಥಳವೂ ಬೇರೆ. ಅವಳ ಪಾಲಿಗೆ ಬರುವ ಸಾಂಬಾರು ನಿನ್ನೆಯದು, ಇಂದು ನಾವು ಮೂಸಿ ನೋಡಿ ಬೇಡವೆಂದದ್ದು. ದೀಪಾವಳಿಗೆ ಕಾವಲುಗಾರ ಇನಾಮು ಕೇಳಲು ಬಂದರೆ ನೂರರ ನೋಟೋ ಐವತ್ತರದೋ ಎಂದು ಗಂಡ ಹೆಂಡತಿ ಬಾಗಿಲ ಹಿಂದೆ ಪಿಸುಗುಟ್ಟುತ್ತಾರೆ. ಊರಿನಿಂದ ಹಲಸಿನ ಹಪ್ಪಳ, ಮಾವಿನ ಮಿಡಿಯ ಭರಣಿ ಬಂದಿದೆ. ‘ಪಕ್ಕದ ಮನೆಯಲ್ಲಿ ಹೇಳಬೇಡ’ ಎಂದು ಮಗುವಿಗೆ ತಾಕೀತು. ರಾತ್ರಿ ಊರಿನ ಅಣ್ಣನೊಡನೆ ಫೋನಿನಲ್ಲಿ ಜಗಳ: ಹಿರಿಯರ ಮನೆಯ ಹಿತ್ತಲಿನ ಹತ್ತು ಸೆಂಟ್ಸ್ ಜಾಗ ಯಾರ ಪಾಲಿಗೆ? ಇಪ್ಪತ್ತೈದು ವರ್ಷಗಳಿಂದ ಆ ಹಿತ್ತಲಿಗೆ ಕಾಲಿಡದವರು ಅಲ್ಲಿಯ ತೆಂಗಿನ ಮರಗಳನ್ನು ಬಾಯಲ್ಲೇ ಎಣಿಸುತ್ತಾರೆ. ಹೋಂವರ್ಕ್ ಬರೆಯುತ್ತಿರುವ ಮಗು ತಲೆ ಎತ್ತುವುದಿಲ್ಲ. ಆದರೆ ಒಂದು ಅಕ್ಷರವನ್ನೂ ಬಿಡದೆ ಕೇಳಿಸಿಕೊಳ್ಳುತ್ತದೆ.

ಅದೇ ಮನೆಗೆ ಭಾನುವಾರ ನೆಂಟರು ಬರುತ್ತಾರೆ. ಅವರ ಮಗು ನಮ್ಮ ಮಗುವಿನ ಆಟದ ಕಾರಿಗೆ ಕೈಹಾಕುತ್ತದೆ. ನಮ್ಮ ಮಗು ಅಳುತ್ತದೆ. ಆಗ ನಮಗೆ ದಾನಧರ್ಮದ ನೆನಪಾಗುತ್ತದೆ! ‘ಕೊಡು ಪುಟ್ಟಾ, ಹಂಚಿಕೋಬೇಕು, ಒಳ್ಳೆ ಮಕ್ಕಳು ಹಾಗೆ ಮಾಡ್ತಾರಾ?’ ಕೊಡದಿದ್ದರೆ ಕಿತ್ತು ಕೊಡುತ್ತೇವೆ. ಆ ಇಡೀ ಮನೆಯಲ್ಲಿ ಆ ವಾರ ತನ್ನದೆನ್ನುವ ವಸ್ತುವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದವನು ಒಬ್ಬನೇ — ಐದು ವರ್ಷದ ಪುಟ್ಟ. ಅಪ್ಪನ ಬೈಕಿನ ಬೀಗದ ಕೈಯನ್ನು ನೆಂಟರಿಗೆ ಹೀಗೆ ಕಿತ್ತು ಕೊಡುವವರುಂಟೇ? ಮಗು ಇದರಿಂದ ಕಲಿಯುವುದು ಔದಾರ್ಯವನ್ನಲ್ಲ. ಬಲವಿದ್ದವನು ಬಲವಿಲ್ಲದವನ ಕೈಯಿಂದ ಕಿತ್ತು ಕೊಡಿಸಬಹುದು, ತಾನು ದೊಡ್ಡವನಾದ ಮೇಲೆ ಕೊಡಬೇಕಾಗಿಲ್ಲ ಎಂಬ ಲೋಕನೀತಿಯನ್ನು ಅದು ಕಲಿಯುತ್ತದೆ.

ಇದು ನನ್ನೊಬ್ಬನ ಹಟದ ಮಾತಲ್ಲ. ಮನಶ್ಶಾಸ್ತ್ರಜ್ಞರು ಅರ್ಧ ಶತಮಾನದ ಹಿಂದೆಯೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಜೇಮ್ಸ್ ಬ್ರಯನ್ ಮತ್ತು ನ್ಯಾನ್ಸಿ ವಾಲ್ಬೆಕ್ ಎಂಬವರು 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಮುಂದೆ ಮಾದರಿಯಾಗಿ ನಿಂತವರು ಕೆಲವೊಮ್ಮೆ ನುಡಿದಂತೆ ನಡೆದರು, ಕೆಲವೊಮ್ಮೆ ನುಡಿ ಒಂದು, ನಡೆ ಒಂದು. ಕಂಡದ್ದೇನು? ಮಾದರಿಯ ಮಾತು ಮಕ್ಕಳ ಮಾತನ್ನು ತಿದ್ದಿತು. ಮಾದರಿಯ ನಡತೆ ಮಕ್ಕಳ ನಡತೆಯನ್ನು ತಿದ್ದಿತು. ಉಪದೇಶ ಕೇಳಿದ ಮಗು ಉಪದೇಶ ಮಾಡಲು ಕಲಿಯಿತು. ಕೊಡುವುದನ್ನು ಕಂಡ ಮಗು ಕೊಡಲು ಕಲಿಯಿತು. ನಮ್ಮ ಭಾಷಣ ಸ್ಪರ್ಧೆಗಳಿಂದ ನಮಗೆ ಸಿಗುತ್ತಿರುವ ಫಲ ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಭಾಷಣಕಾರರನ್ನು ಬಿತ್ತಿದ್ದೇವೆ, ಭಾಷಣಕಾರರನ್ನು ಬೆಳೆದಿದ್ದೇವೆ.

ಐದು ವರ್ಷಗಳ ಬಳಿಕ, 1975ರಲ್ಲಿ, ಫಿಲಿಪ್ ರಷ್ಟನ್ ಎಂಬ ಸಂಶೋಧಕ 7ರಿಂದ 11 ವರ್ಷದ 140 ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಮಕ್ಕಳು ಒಂದು ಆಟ ಆಡಿ ಬಿಲ್ಲೆಗಳನ್ನು ಗೆಲ್ಲುತ್ತಿದ್ದರು. ಆ ಬಿಲ್ಲೆಗಳಿಗೆ ಬಹುಮಾನ ಸಿಗುತ್ತಿತ್ತು. ಗೆದ್ದದ್ದರಲ್ಲಿ ಒಂದು ಪಾಲನ್ನು ಬಡ ಮಗುವೊಂದಕ್ಕೆ ಕೊಡಬಹುದಿತ್ತು, ಕೊಡದೆಯೂ ಇರಬಹುದಿತ್ತು. ಮೊದಲು ದೊಡ್ಡವರೊಬ್ಬರು ಆಡಿ ತೋರಿಸುತ್ತಿದ್ದರು. ಒಬ್ಬರು ಕೊಡುವರು, ಒಬ್ಬರು ಇಟ್ಟುಕೊಳ್ಳುವರು. ಒಬ್ಬರು ‘ಕೊಡಬೇಕು’ ಎನ್ನುವರು, ಒಬ್ಬರು ‘ಬೇಡ’ ಎನ್ನುವರು. ಮಕ್ಕಳು ಅನುಸರಿಸಿದ್ದು ದೊಡ್ಡವರ ಬಾಯಿಯನ್ನಲ್ಲ, ಕೈಯನ್ನು. ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗಲೂ ಕಂಡದ್ದರ ಪ್ರಭಾವ ಅಳಿದಿರಲಿಲ್ಲ. ಇವೆಲ್ಲ ಪರದೇಶದ ಮಾತು ಎಂದು ತಳ್ಳಿಹಾಕುವವರಿಗೆ ಇನ್ನೊಂದು ಸಂಗತಿ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಮಕ್ಕಳನ್ನೂ ನಮ್ಮ ದೇಶದ ಹಳ್ಳಿಗಾಡಿನ ಮಕ್ಕಳನ್ನೂ ಹೋಲಿಸಿ ನೋಡಿತು. ಜಿಪುಣತನ ತೋರಿದ ಹಿರಿಯರನ್ನು ಕಂಡಾಗ ಎರಡೂ ದೇಶಗಳಲ್ಲಿ ಮಕ್ಕಳ ಕೈ ಹಿಂದೆ ಸರಿಯಿತು. ಜಿಪುಣತನಕ್ಕೆ ಪಾಸ್‌ಪೋರ್ಟು ಬೇಕಿಲ್ಲವೆಂದಾಯಿತು.

‘ನೂಲಿನಂತೆ ಸೀರೆ’ ಎಂದು ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಹೇಳಿದ್ದು ಇದನ್ನೇ. ನಾವಾದರೋ ನೂಲನ್ನು ಬಿಟ್ಟು ಸೀರೆಯನ್ನು ಬೈಯುತ್ತಿದ್ದೇವೆ.

ಈ ಮಹಾನಗರದಲ್ಲಿ ನಮ್ಮವರು ಕಾಲೂರಿದ್ದು ಹೇಗೆಂಬುದನ್ನು ಸ್ವಲ್ಪ ನೆನೆಯೋಣ. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು. ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಓದಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇಂಥವರಿಗಾಗಿ ರಾತ್ರಿ ಶಾಲೆ ನಡೆಸಿದವು. ಆ ಹುಡುಗರ ಪೈಕಿ ವಕೀಲರಾದವರು, ಲೆಕ್ಕ ಪರಿಶೋಧಕರಾದವರು, ಹೋಟೆಲು ಧಣಿಗಳಾದವರು ನಮ್ಮ ನಡುವೆ ಇದ್ದಾರೆ. ಕಚೇರಿಯ ಕೆಲಸ ಮುಗಿಸಿ, ಲೋಕಲ್ ರೈಲಿನಿಂದ ಇಳಿದು, ನೇರವಾಗಿ ಕರಿಹಲಗೆಯ ಮುಂದೆ ನಿಂತ ಮೇಷ್ಟ್ರನ್ನು ಅವರು ಕಣ್ಣಾರೆ ಕಂಡವರು. ಆ ಮೇಷ್ಟ್ರು ತ್ಯಾಗದ ಮೇಲೆ ಭಾಷಣ ಮಾಡಲಿಲ್ಲ, ಲೆಕ್ಕ ಹೇಳಿಕೊಟ್ಟರು. ಹುಡುಗರು ಲೆಕ್ಕವನ್ನೂ ಕಲಿತರು, ತ್ಯಾಗವನ್ನೂ ಕಲಿತರು.

1906ರಲ್ಲಿ ಎಸ್. ಎಸ್. ತಲ್ಮಕಿಯವರು ಕಟ್ಟಿದ ಶಾಮರಾವ್ ವಿಠಲ ಸಹಕಾರಿ ಸಂಸ್ಥೆಯನ್ನು ನೋಡಿ. ಇಂದು ಅದು ದೊಡ್ಡ ಬ್ಯಾಂಕು. ಅಂದು ಅದು ಸಾಮಾನ್ಯ ಸಂಬಳದ ಕೆಲವು ಸಂಸಾರಗಳು ತಮ್ಮ ಅಲ್ಪ ಉಳಿತಾಯವನ್ನು ಒಂದೆಡೆ ಕೂಡಿಸಿ, ಕಷ್ಟದಲ್ಲಿದ್ದವನಿಗೆ ಸಾಲ ಕೊಡುವ ಏರ್ಪಾಡು. 1915ರಲ್ಲಿ ಅದೇ ಹಿರಿಯರ ಮುಂದಾಳತ್ವದಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಎದ್ದಿತು. ದೇಶದ ಮೊದಮೊದಲ ಸಹಕಾರಿ ವಸತಿ ಸಂಘಗಳಲ್ಲಿ ಅದೂ ಒಂದು. ಒಂದು ಗೋಡೆಯನ್ನು ಎರಡು ಮನೆಗಳು ಹಂಚಿಕೊಳ್ಳುವ ಅಂಥ ಕಟ್ಟಡಗಳಲ್ಲಿ ಬೆಳೆದ ಮಕ್ಕಳಿಗೆ ಹಂಚಿಕೆ ಎಂಬುದು ಉಸಿರಾಟದಷ್ಟು ಸಹಜವಾಗಿತ್ತು.

ಹಳೆಯದೆಲ್ಲ ಹೊನ್ನು ಎಂದು ಹೇಳುವ ಪೈಕಿ ನಾನಲ್ಲ. ಮೇಲೆ ಹೇಳಿದ ಸಂಸ್ಥೆಗಳಲ್ಲಿ ಹೆಚ್ಚಿನವು ತಂತಮ್ಮ ಜಾತಿಯ ಬೇಲಿಯೊಳಗೆ ಹುಟ್ಟಿದವು. ನಮ್ಮ ನಾಡಿನ ವಾರಾನ್ನದ ಪದ್ಧತಿಯನ್ನೇ ತೆಗೆದುಕೊಳ್ಳಿ. ಬಡ ವಿದ್ಯಾರ್ಥಿಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಊಟ. ಎಷ್ಟೋ ಮಂದಿ ಪ್ರತಿಭಾವಂತರು ಆ ಅನ್ನದಿಂದಲೇ ಓದಿ ಮುಂದೆ ಬಂದರು. ಆದರೆ ಅನ್ನ ಬಡಿಸುವ ಮುನ್ನ ಹುಡುಗನ ಕುಲ ಕೇಳುತ್ತಿದ್ದರು. ಪಂಕ್ತಿಯಲ್ಲಿ ಅವನನ್ನು ಎಲ್ಲಿ ಕೂರಿಸಬೇಕೆಂದು ಲೆಕ್ಕ ಹಾಕುತ್ತಿದ್ದರು. ಆ ಮನೆಗಳ ಮಕ್ಕಳು ಅನ್ನ ಕೊಡುವುದನ್ನೂ ಕಲಿತರು, ಕುಲ ಕೇಳುವುದನ್ನೂ ಕಲಿತರು. ಮಾದರಿಯ ಶಕ್ತಿ ಎರಡಲಗಿನ ಕತ್ತಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಬೇಲಿಯನ್ನು ದಾಟಿದವರೂ ನಮ್ಮಲ್ಲಿ ಇದ್ದಾರೆ. 2019ರಲ್ಲಿ ಕಾಲವಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಸಾವಿರ ಸಾವಿರ ಮಕ್ಕಳು ಜಾತಿಮತದ ಭೇದವಿಲ್ಲದೆ ಉಂಡು ಓದಿದರು. ಅನ್ನ ಹಂಚುವುದನ್ನು ಆ ಮಕ್ಕಳು ಪುಸ್ತಕದಲ್ಲಿ ಓದಲಿಲ್ಲ. ಪ್ರತಿದಿನ ತಟ್ಟೆಯಲ್ಲಿ ಕಂಡರು.

ಇನ್ನು ನಮ್ಮ ವಾದಕ್ಕೆ ಬರುವ ಮೊದಲ ಆಕ್ಷೇಪ: ‘ನಾವು ಕೊಡುವುದಿಲ್ಲ ಎಂದವರಾರು? ತಿಂಗಳು ತಿಂಗಳು ಊರಿಗೆ ಹಣ ಕಳುಹಿಸುತ್ತೇವೆ. ತಂಗಿಯ ಮಗನ ಫೀಸು ಕಟ್ಟಿದ್ದೇವೆ. ಅದನ್ನು ಡಂಗುರ ಸಾರಬೇಕೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು.’ ಮಾತು ನಿಜ. ವಲಸೆ ಬಂದ ಕನ್ನಡಿಗನಷ್ಟು ಊರಿನ ಋಣ ತೀರಿಸಿದವನು ವಿರಳ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದೆ ಅಪ್ಪ ಸಂಬಳದ ಮರುದಿನ ಮಗನ ಕೈಹಿಡಿದು ಅಂಚೆ ಕಚೇರಿಗೆ ಹೋಗುತ್ತಿದ್ದ. ಮನಿ ಆರ್ಡರ್ ಫಾರಮನ್ನು ಮಗನೇ ತುಂಬುತ್ತಿದ್ದ; ಅಜ್ಜಿಯ ಹೆಸರು, ಊರಿನ ಹೆಸರು, ಮೊತ್ತ, ಕೆಳಗಿನ ಚಿಕ್ಕ ಜಾಗದಲ್ಲಿ ‘ಕ್ಷೇಮ’ ಎಂದು ಎರಡು ಸಾಲು. ಕೆಲವು ದಿನಗಳಲ್ಲಿ ಅಜ್ಜಿಯ ಹೆಬ್ಬೆಟ್ಟಿನ ಗುರುತಿದ್ದ ರಸೀದಿ ಮರಳಿ ಬರುತ್ತಿತ್ತು. ಕೊಡುವುದು ಕಣ್ಣಿಗೆ ಕಾಣುವ ಕೆಲಸವಾಗಿತ್ತು, ಕೈಬೆರಳಿಗೆ ಶಾಯಿ ಹತ್ತುವ ಕೆಲಸವಾಗಿತ್ತು. 1880ರಲ್ಲಿ ಆರಂಭವಾಗಿದ್ದ ಆ ಹಳೆಯ ಮಾದರಿಯ ಮನಿ ಆರ್ಡರ್ 2015ರಲ್ಲಿ ನಿಂತುಹೋಯಿತು. ಮರುವರ್ಷ, 2016ರಲ್ಲಿ, ಯುಪಿಐ ಬಂತು. ಈಗ ಅಪ್ಪ ಸೋಫಾದಲ್ಲಿ ಕುಳಿತು ಮೊಬೈಲಿನ ಮೇಲೆ ಹೆಬ್ಬೆರಳು ಒತ್ತುತ್ತಾನೆ. ಅಜ್ಜಿಗೆ ಹಣ ಹೋಯಿತು. ಅದೇ ಹೆಬ್ಬೆರಳಿನಿಂದ ಪಿಜ್ಜಾ ತರಿಸುತ್ತಾನೆ. ಎದುರು ಕುಳಿತ ಮಗನಿಗೆ ಎರಡೂ ಒಂದೇ. ಅವನ ಕಣ್ಣಿಗೆ ಕಾಣುವುದು ಪಿಜ್ಜಾ ಮಾತ್ರ.

ಕೊಡುವುದು ಸುಲಭವಾಯಿತು, ಆದರೆ ಕಾಣದಂತಾಯಿತು. ಕಾಣದ ದಾನದಿಂದ ಪಡೆದವನಿಗೆ ಲಾಭ ಉಂಟು; ಮನೆಯ ಮಕ್ಕಳಿಗೆ ಪಾಠವಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ, ಆದರೆ ಮಗುವಿಗೆ ತಿಳಿಯಬೇಕು. ಊರಿಗೆ ಡಂಗುರ ಸಾರುವುದು ಬೇರೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಅಜ್ಜಿಯ ಔಷಧಿಗೆ ಈ ತಿಂಗಳು ಇಷ್ಟು ಬೇಕಂತೆ, ಅದಕ್ಕೆ ನಮ್ಮ ಪ್ರವಾಸ ಮುಂದಕ್ಕೆ ಹಾಕೋಣ’ ಎಂದು ಹೇಳುವುದು ಬೇರೆ. ಮೊದಲಿನದು ಅಹಂಕಾರ, ಎರಡನೆಯದು ಶಿಕ್ಷಣ.

ನಮ್ಮ ವಿಪರ್ಯಾಸವೆಂದರೆ ಎಲ್ಲಿ ಮರೆಯಾಗಿರಬೇಕೋ ಅಲ್ಲಿ ಡಂಗುರ, ಎಲ್ಲಿ ತೋರಿಸಬೇಕೋ ಅಲ್ಲಿ ಮೌನ. ಮನೆಯಲ್ಲಿ ಮೌನವಾಗಿ ಹಣ ಕಳುಹಿಸುವವರೇ ಸಂಘದ ವೇದಿಕೆಯಲ್ಲಿ ಏನು ಮಾಡುತ್ತೇವೆ? ವಿದ್ಯಾರ್ಥಿವೇತನ ವಿತರಣೆಯ ಸಮಾರಂಭಗಳನ್ನು ನೆನಪಿಸಿಕೊಳ್ಳಿ. ದಾನಿಗಳಿಗೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಅರ್ಧ ಗಂಟೆ ಅವರ ಗುಣಗಾನ. ಆಮೇಲೆ ಬಡ ಹುಡುಗಿಯನ್ನು ಹೆಸರು ಹಿಡಿದು ಕರೆಯುತ್ತೇವೆ, ಅವಳ ತಂದೆ ಇಲ್ಲವೆಂಬುದನ್ನು ಧ್ವನಿವರ್ಧಕದಲ್ಲಿ ಹೇಳುತ್ತೇವೆ, ಲಕೋಟೆಯ ಒಂದು ತುದಿಯನ್ನು ಅವಳು, ಇನ್ನೊಂದು ತುದಿಯನ್ನು ದಾನಿಗಳು ಹಿಡಿದುಕೊಂಡಂತೆ ಫೋಟೋ ತೆಗೆಯುತ್ತೇವೆ. ಆ ಲಕೋಟೆಯಲ್ಲಿರುವ ಹಣಕ್ಕಿಂತ ಶಾಲು ಸ್ಮರಣಿಕೆಗಳ ಖರ್ಚು ಹೆಚ್ಚಾದ ಸಭೆಗಳೂ ಉಂಟು. ಸಭೆಯಲ್ಲಿ ಕುಳಿತ ನೂರು ಮಕ್ಕಳು ನೋಡುತ್ತಿದ್ದಾರೆ. ಕೊಡುವವನಿಗೆ ಕುರ್ಚಿ ಸಿಗುತ್ತದೆ, ಪಡೆಯುವವನಿಗೆ ತಲೆತಗ್ಗಿಸುವ ಸ್ಥಿತಿ ಬರುತ್ತದೆ ಎಂದು ಅವರು ಕಲಿಯುತ್ತಾರೆ. ಕ್ಯಾಮರಾ ಇಲ್ಲದಲ್ಲಿ ಕೊಡುವುದು ದಂಡ ಎಂಬುದನ್ನೂ ಕಲಿಯುತ್ತಾರೆ. ನಾಳೆ ಅವರು ಒಂದು ಪೊಟ್ಟಣ ಬಿಸ್ಕತ್ತನ್ನು ಭಿಕ್ಷುಕನ ಕೈಗಿಟ್ಟು ಅದರ ಚಿತ್ರವನ್ನು ಮೊಬೈಲಿನಲ್ಲಿ ಹಂಚಿದರೆ ನಾವು ‘ಕಾಲ ಕೆಟ್ಟಿತು’ ಎನ್ನುತ್ತೇವೆ. ಕಾಲವಲ್ಲ ಸ್ವಾಮಿ, ಕೆಟ್ಟದ್ದು ನಮ್ಮ ವೇದಿಕೆ.

ಹರೆಯದ ಮಕ್ಕಳ ವಿಷಯವಂತೂ ಇನ್ನೂ ಗಂಭೀರ. ಹತ್ತನೆಯ ತರಗತಿ ದಾಟಿದ ಕೂಡಲೇ ನಮ್ಮ ಮನೆಗಳಲ್ಲಿ ಹೊಸದೊಂದು ಧರ್ಮಶಾಸ್ತ್ರ ಜಾರಿಗೆ ಬರುತ್ತದೆ. ‘ನೋಟ್ಸ್ ಯಾರಿಗೂ ಕೊಡಬೇಡ.’ ‘ಕ್ಲಾಸಿನಲ್ಲಿ ಕೊಟ್ಟ ಪ್ರಶ್ನೆಪತ್ರಿಕೆ ಇದೆ ಎಂದು ಹೇಳಬೇಡ.’ ‘ಅವನಿಗೆ ಒಂದು ಅಂಕ ಹೆಚ್ಚಾದರೆ ನಿನ್ನ ಸೀಟು ಹೋಯಿತು.’ ಹದಿನಾರು ವರ್ಷ ‘ಹಂಚಿಕೋ’ ಎಂದು ಹೇಳಿದ ಅದೇ ಬಾಯಿ ಇದನ್ನೂ ಹೇಳುತ್ತದೆ. ಹುಡುಗ ದಡ್ಡನಲ್ಲ. ಹಂಚುವುದು ಆಟಿಕೆಯ ಕಾಲದ ನೀತಿ, ನಿಜವಾದ ಬದುಕಿನ ನೀತಿ ಬಚ್ಚಿಡುವುದು ಎಂದು ಅರ್ಥಮಾಡಿಕೊಳ್ಳುತ್ತಾನೆ. ಮುಂದೆ ಅದೇ ಹುಡುಗ ತಂಗಿಗೆ ಆಸ್ತಿಯಲ್ಲಿ ಪಾಲು ಕೊಡಲು, ಮುದಿ ತಂದೆತಾಯಿಗಳಿಗೆ ಕೋಣೆಯಲ್ಲಿ ಪಾಲು ಕೊಡಲು ಹಿಂಜರಿದಾಗ ಯಾರನ್ನು ದೂರಬೇಕು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಗಿಡ ಬಗ್ಗಿತ್ತು, ಅದನ್ನು ಕೋಲು ಕಟ್ಟಿ ನೆಟ್ಟಗೆ ನಿಲ್ಲಿಸಿದವರು ನಾವೇ.

‘ಮಕ್ಕಳು ನಮ್ಮನ್ನು ನೋಡಿ ಕಲಿಯುವ ಕಾಲ ಹೋಯಿತು, ಅವರ ಆದರ್ಶ ಕ್ರಿಕೆಟ್ ಆಟಗಾರರು, ಸಿನಿಮಾ ನಟರು’ ಎಂಬುದು ಎರಡನೆಯ ಆಕ್ಷೇಪ. ಇರಬಹುದು. ಆದರೆ ಆ ಆದರ್ಶಗಳನ್ನು ಮನೆಯೊಳಗೆ ಕರೆತಂದು ಕೂರಿಸಿದವರು ಯಾರು? ನಟನ ಕಾರಿನ ಬೆಲೆ, ಆಟಗಾರನ ಹರಾಜಿನ ಬೆಲೆ ನಮ್ಮ ಊಟದ ಮೇಜಿನ ಮಾತು. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರು ಎಷ್ಟು ಮನೆಗಳಲ್ಲಿ ಮಾತಿಗೆ ಬಂದರು? ಪರದೇಶದವರು ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದ ನಿರಕ್ಷರಿ. ತನಗಾದದ್ದು ತನ್ನೂರಿನ ಮಕ್ಕಳಿಗೆ ಆಗಬಾರದೆಂದು ದಿನದ ದುಡಿಮೆಯಲ್ಲಿ ಉಳಿಸಿ ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಬುಟ್ಟಿ ಹೊತ್ತವನು ಕೊಟ್ಟದ್ದನ್ನು ಕಂಡರೆ ‘ನಮಗೆ ಮನೆಸಾಲದ ಕಂತು ಇದೆ, ಕೊಡಲು ಎಲ್ಲಿದೆ?’ ಎಂಬ ಮೂರನೆಯ ಆಕ್ಷೇಪವೂ ತಾನಾಗಿಯೇ ಬಿದ್ದುಹೋಗುತ್ತದೆ.

ಹಾಗೆಂದು ಹಾಜಬ್ಬನವರ ಮೇಲೆ ಇನ್ನೊಂದು ಭಾಷಣ ಸ್ಪರ್ಧೆ ಇಟ್ಟೀರಿ, ಜೋಕೆ! ದೂರದ ಮಹಾಪುರುಷನ ಕಥೆ ಹೊತ್ತಿಸಿದ ಕಿಡಿಯನ್ನು ಕಾಪಾಡುವುದು ಮನೆಯ ಒಲೆ. ಒಲೆ ತಣ್ಣಗಿದ್ದರೆ ಕಿಡಿ ಎಷ್ಟು ಹೊತ್ತು ಉಳಿದೀತು?

ಟೀಕೆ ಸುಲಭ, ಮಾಡುವುದೇನು ಎಂದು ಕೇಳುವವರಿಗೆ ನಾಲ್ಕು ಮಾತು. ಸಂಘಗಳ ಕಾರ್ಯಕಾರಿ ಸಮಿತಿಗಳು ಇವನ್ನು ಚರ್ಚೆಗೆ ಎತ್ತಿಕೊಳ್ಳಲಿ.

ಒಂದು: ದಾನದ ಮೇಲಿನ ಭಾಷಣ ಸ್ಪರ್ಧೆಗಳನ್ನು ಈ ವರ್ಷದಿಂದಲೇ ನಿಲ್ಲಿಸೋಣ. ಅದರ ಬದಲು ಜೂನ್ ತಿಂಗಳಲ್ಲಿ ಮಕ್ಕಳೇ ನಡೆಸುವ ಪಠ್ಯಪುಸ್ತಕ ವಿನಿಮಯ ಇಡೋಣ. ಮೇಲಿನ ತರಗತಿಗೆ ಹೋದವನು ತನ್ನ ಪುಸ್ತಕ, ನೋಟ್ಸುಗಳನ್ನು ಕೆಳಗಿನವನಿಗೆ ಕೊಡಲಿ. ಹಿರಿಯರು ಉಪದೇಶ ಮಾಡದೆ ಪುಸ್ತಕಕ್ಕೆ ಬೈಂಡು ಹಾಕಲು ಕುಳಿತುಕೊಳ್ಳಲಿ.

ಎರಡು: ವಿದ್ಯಾರ್ಥಿವೇತನವನ್ನು ವೇದಿಕೆಯಿಂದ ಇಳಿಸೋಣ. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹೋಗಲಿ. ವಾರ್ಷಿಕ ವರದಿಯಲ್ಲಿ ಕೊಟ್ಟವರ ಹೆಸರು ಅಕಾರಾದಿಯಾಗಿ ಇರಲಿ, ಮೊತ್ತ ಬೇಡ, ಪಡೆದವರ ಹೆಸರೂ ಬೇಡ. ಶಾಲಿನ ಹಣದಲ್ಲಿ ಇನ್ನೊಬ್ಬ ಹುಡುಗ ಓದುತ್ತಾನೆ.

ಮೂರು: ಸಂಘಗಳ ಗ್ರಂಥಾಲಯದ ಕಪಾಟುಗಳ ಬೀಗ ತೆಗೆಯೋಣ. ಹತ್ತನೆಯ ಶತಮಾನದಲ್ಲಿ, ಅಚ್ಚಿನ ಯಂತ್ರವೇ ಇಲ್ಲದ ಕಾಲದಲ್ಲಿ, ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ನಾವು ಅವಳ ಹೆಸರಿನಲ್ಲಿ ಸಭೆ ನಡೆಸಿ, ಪುಸ್ತಕಗಳಿಗೆ ಬೀಗ ಹಾಕಿ, ಬೀಗದ ಕೈಯನ್ನು ಕಾರ್ಯದರ್ಶಿಗಳ ಕಿಸೆಯಲ್ಲಿ ಇಟ್ಟಿದ್ದೇವೆ. ಪುಸ್ತಕ ಕಳೆದುಹೋದರೆ ಹೋಗಲಿ. ಕಪಾಟಿನಲ್ಲಿ ಗೆದ್ದಲು ತಿನ್ನುವುದಕ್ಕಿಂತ ಮೇಲು.

ನಾಲ್ಕು: ವಾರಾನ್ನವನ್ನು ಬೇಲಿಯಿಲ್ಲದೆ ಮತ್ತೆ ಆರಂಭಿಸೋಣ. ನಮ್ಮ ನಗರಗಳಲ್ಲಿ ಊರಿನಿಂದ ಬಂದು ಬಾಡಿಗೆ ಹಾಸಿಗೆಯಲ್ಲಿ ಮಲಗಿ ಓದುವ, ದುಡಿಯುವ ಕನ್ನಡದ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಪ್ರತಿ ಸದಸ್ಯರ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಒಬ್ಬರಿಗೆ ಊಟವಿರಲಿ. ಕುಲ ಕೇಳುವುದು ಬೇಡ, ಹೆಸರು ಕೇಳಿದರೆ ಸಾಕು. ಎಲೆಯ ಮುಂದೆ ಬಡಿಸುವ ಕೆಲಸ ಮನೆಯ ಮಗನದೂ ಮಗಳದೂ ಆಗಲಿ. ಆ ದಿನ ಕೆಲಸದ ಬಾಯಿಗೂ ಅದೇ ಲೋಟದಲ್ಲಿ, ಅದೇ ಹೊತ್ತಿಗೆ ಮಾಡಿದ ಚಹಾ ಸಿಗಲಿ.

ಇಷ್ಟನ್ನು ಮಾಡಲು ಹೊಸ ನಿಧಿ ಬೇಕಿಲ್ಲ, ಉಪಸಮಿತಿ ಬೇಕಿಲ್ಲ, ಮುಖ್ಯ ಅತಿಥಿಗಳು ಬೇಕಿಲ್ಲ. ಬೇಕಾದದ್ದು ನಮ್ಮದೆನ್ನುವ ಯಾವುದೋ ಒಂದನ್ನು ಮಕ್ಕಳ ಕಣ್ಣೆದುರಿಗೆ ಬಿಟ್ಟುಕೊಡುವ ಮನಸ್ಸು ಮಾತ್ರ. ಅದು ನಮಗೆ ಸಾಧ್ಯವಿಲ್ಲವಾದರೆ ಕಡೆಯ ಪಕ್ಷ ಪ್ರಾಮಾಣಿಕರಾಗಿರೋಣ. ಮಕ್ಕಳಿಗೆ ಕರ್ಣನ ಕಥೆ ಹೇಳುವುದನ್ನು ಬಿಟ್ಟು, ಬದನೆಕಾಯಿಯನ್ನು ನೆಮ್ಮದಿಯಾಗಿ ತಿನ್ನೋಣ. ಅದರಲ್ಲಿ ಒಂದು ಹೋಳನ್ನು ಅವರು ಕೇಳಿದರೆ ಏನು ಮಾಡುತ್ತೇವೆ ಎಂಬುದನ್ನು ಮಕ್ಕಳು ನೋಡಿಯೇ ನೋಡುತ್ತಾರೆ.